ತಾಯ್ನುಡಿ ಎಂಬ ಮಾತು
(ಸೂಳಗಿರಿಯ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು ಇವುಗಳನ್ನು ಬರೆದಾದ ಮೇಲೆ ತಾಯ್ನುಡಿ ಎಂಬ ಅಂಕಣವೊಂದು ಬರುತ್ತದೆ. ಅದನ್ನು ತುಂಬುತ್ತ ನನ್ನ ತಲೆ ನರೆತಿದೆ. ಒಮ್ಮೆ ರೈತರೊಬ್ಬರು ಮಗನನ್ನು ಸೇರಿಸಲು ಬಂದರು. ನನ್ನೊಡನೆ ಆಡಿದ್ದೆಲ್ಲವೂ ಕನ್ನಡವೇ. ತಾಯ್ನುಡಿ ಯಾವುದೆಂದು ಕೇಳಿದಾಗ ಮಾತ್ರ ತಡೆದು ನಿಂತರು. “ಮನೆಮಾತು ಕನ್ನಡವೇ ಮೇಷ್ಟ್ರೇ. ಆದರೆ ಇವನ ತಾಯಿ ತೆಲುಗರ ಮನೆಯಿಂದ ಬಂದವಳು. ನಾವಿರೋದೋ ತಮಿಳುನಾಡು. ಯಾವುದು ಬರೆದರೆ ಸರಿಯೋ ಅದನ್ನೇ ಬರ್ಕೊಳ್ಳಿ” ಎಂದರು. ನಾನು ಕನ್ನಡವೆಂದು ಬರೆದು ಪುಸ್ತಕ ಮುಚ್ಚಿದೆ. ಏಕೆ ಕನ್ನಡ ಎಂಬುದನ್ನು ಅವರಿಗೆ ತಿಳಿಯಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸಬೇಕೆಂದಿದ್ದೇನೆ.

ಈ ಪದವನ್ನು ಬಿಡಿಸಿ ನೋಡೋಣ. ‘ನುಡಿ’ ಬಹು ಹಳೆಯ ಮಾತು. ಕನ್ನಡದ್ದು ಮಾತ್ರವೂ ಅಲ್ಲ. ತೆಲುಗಿನಲ್ಲಿ ನುಡಿ, ನುಡುವು ಎಂಬ ರೂಪಗಳುಂಟು. ಹಳೆಯ ತಮಿಳಿನಲ್ಲಿ ‘ನೊಡಿ’ ಎಂದರೆ ಹೇಳು ಎಂದರ್ಥ. ನಮ್ಮ ‘ತಾಯಿ’ ತಮಿಳರಿಗೆ ‘ತಾಯ್’. ಹೀಗೆ ಎರಡು ಪದಗಳೂ ಸಂತೆಯಲ್ಲಿ ನಮ್ಮ ಪಕ್ಕ ಕುಳಿತು ವ್ಯಾಪಾರ ಮಾಡುವವರಿಗೂ ಸೇರಿದವು. ಆದರೆ ಇವೆರಡನ್ನೂ ಹೆಣೆದು ‘ತಾಯ್ನುಡಿ’ ಎಂದದ್ದು ಈಚಿನ ಕಾಲದಲ್ಲಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡವನ್ನು ಹೇಳುವಾಗ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುತ್ತದೆ. ಅಲ್ಲಿ ಭಾಷೆಗೆ ಗುರುತು ನಾಡು, ತಾಯಿಯಲ್ಲ.

ತಾಯಿಯ ಹೆಸರಿನಿಂದ ಭಾಷೆಯನ್ನು ಕರೆಯುವ ರೂಢಿ ಯೂರೋಪಿನಿಂದ ಬಂದುದು. ಪುರಾತನ ರೋಮಿನವರು ತಮ್ಮ ಭಾಷೆಯನ್ನು ತಂದೆಯ ನುಡಿ ಎನ್ನುತ್ತಿದ್ದರು! ಲ್ಯಾಟಿನ್ ಓದುಬರಹದ ಭಾಷೆಯಾಗಿ ಉಳಿದು, ಮನೆಮನೆಯ ಮಾತು ಬೇರೆಯಾದ ಮೇಲೆ, ಸುಮಾರು ಹನ್ನೆರಡನೆಯ ಶತಮಾನದಲ್ಲಿ, ಪಾದ್ರಿಗಳ ಬರಹದಲ್ಲಿ ತಾಯ ನುಡಿ ಎಂಬುದು ಕಾಣಿಸಿಕೊಂಡಿತು. ಇಟಲಿಯ ಮಹಾಕವಿ ಡಾಂಟೆಯು 1300ರ ನಂತರದ ವರ್ಷಗಳಲ್ಲಿ ಬರೆಯುತ್ತ, ವ್ಯಾಕರಣದ ನಿಯಮವಿಲ್ಲದೆ ಸಾಕುವ ದಾದಿಯನ್ನು ಅನುಕರಿಸಿ ಮಗು ಕಲಿಯುವ ಮಾತೇ ಜನರ ಭಾಷೆ ಎಂದು ವಿವರಿಸಿದನು. ಹೆತ್ತವಳೆನ್ನದೆ ಸಾಕಿದವಳೆಂದನು, ಇದು ನನಗೆ ಬಹಳ ಹಿಡಿಸಿದ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ಮೂಲಕ ಈ ಭಾವನೆ ನಮ್ಮಲ್ಲಿಗೆ ಬಂದು, ಮಾತೃಭಾಷೆ, ತಾಯ್ನುಡಿ, ತಮಿಳಿನ ತಾಯ್‌ಮೊಳಿ ಇವೆಲ್ಲ ಬಳಕೆಗೆ ಬಿದ್ದವು.

ಕಚೇರಿಯೂ ಈ ಪದವನ್ನು ಹಿಡಿದುಕೊಂಡಿತು. 1881ರ ಜನಗಣತಿಯಲ್ಲಿ ಮಾತೃಭಾಷೆ ಯಾವುದೆಂದು ಕೇಳಿದರು. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ ಯಾವುದೆಂದು ಕೇಳಿದರು. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ. 1961ರಿಂದೀಚೆಗೆ ಖಚಿತವಾದ ವಿವರಣೆಯಿದೆ: ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ, ಶೈಶವದಲ್ಲೇ ತಾಯಿ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ತಾಯಿ ಹುಟ್ಟಿದ ಮನೆಯ ಭಾಷೆಯೆಂದು ಅಲ್ಲಿ ಹೇಳಿಲ್ಲ. ಆಕೆ ಮಗುವಿನೊಡನೆ ಆಡಿದ ಭಾಷೆ ಎಂದಿದೆ. ಆ ರೈತರ ಮಗನನ್ನು ಮರುದಿನ ಶಾಲೆಯ ಬಾಗಿಲಲ್ಲಿ ಬಿಟ್ಟುಹೋಗುವಾಗ ಅವನ ತಾಯಿ ಗದರಿದ್ದೂ ಮುದ್ದಿಸಿದ್ದೂ ಕನ್ನಡದಲ್ಲಿಯೇ.

ಈ ಅಳತೆಗೆ ಸಿಗದ ಜನರೂ ಉಂಟು. ಪಕ್ಕದ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರು ಕನ್ನಡಕ್ಕೆ ಕೊಟ್ಟುದನ್ನು ಯಾವ ಗಣತಿಯ ಅಂಕಣ ಎಣಿಸೀತು? ‘ಮನೆಮಾತು’ ಎಂಬ ನಮ್ಮ ಹಳ್ಳಿಯ ಪದವೇ ಮೇಲೆಂದು ನನಗೆ ಎಷ್ಟೋ ಸಲ ತೋರಿದೆ. ಅದು ಯಾರ ರಕ್ತವನ್ನೂ ಕೇಳುವುದಿಲ್ಲ.

ಆದರೂ ಅಂಕಣದಲ್ಲಿ ಬರೆಯುವುದು ಹಗುರವಾದ ಕೆಲಸವಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯಂತೆ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸತಕ್ಕದ್ದು. ಪುಸ್ತಕದಲ್ಲಿ ಕನ್ನಡವೆಂದಿಲ್ಲದ ಮಗುವಿಗೆ ಕನ್ನಡದ ಉಪಾಧ್ಯಾಯರನ್ನು ಕೊಡಿರೆಂದು ಯಾವ ಬಾಯಿಂದ ಕೇಳುವುದು? 2006ರ ಕಾನೂನಿನ ಮೇಲೆ ಮಕ್ಕಳು ತಮಿಳನ್ನೂ ಕಲಿಯಬೇಕಾಗಿದೆ. ಕಲಿಯಲಿ, ಇಲ್ಲಿ ಅದು ಅನ್ನದ ಭಾಷೆ. ಅದರಿಂದ ತಾಯ್ನುಡಿ ಬದಲಾಗದು.

2021ರಲ್ಲಿ ಆಗಬೇಕಾಗಿದ್ದ ಜನಗಣತಿ ಮುಂದೆ ಹೋಗಿ, 2027ರ ಮಾರ್ಚ್ 1 ಅದರ ಲೆಕ್ಕದ ದಿನವೆಂದು ಪ್ರಕಟವಾಗಿದೆ. ಹಿಂದಿನ ಗಣತಿಗಳ ಕ್ರಮವನ್ನು ಹೇಳುತ್ತೇನೆ. ಮನೆಯವರೆಲ್ಲರ ಮಾತೃಭಾಷೆ ಒಂದೇ ಎಂದು ಎಣಿಸದೆ ಪ್ರತಿಯೊಬ್ಬರದನ್ನೂ ಬೇರೆಯಾಗಿ ಬರೆಯಬೇಕು. ನೀವು ಹೇಳಿದುದನ್ನೇ ಬರೆಯಬೇಕು. ಅನಂತರ, ತಿಳಿದಿರುವ ಬೇರೆ ಎರಡು ಭಾಷೆಗಳನ್ನು ಕೇಳುತ್ತಾರೆ. ತಮಿಳಿಗೂ ತೆಲುಗಿಗೂ ಸ್ಥಳ ಅಲ್ಲಿದೆ. ಸೊಸೆಯದು ತೆಲುಗಾದರೆ ಸೊಸೆಗೆ ತೆಲುಗೆಂದೇ ಹೇಳಿರಿ. ಆಕೆ ಕನ್ನಡದಲ್ಲಿ ಬೆಳೆಸಿದ ಮಗುವಿಗೆ ಕನ್ನಡವೆಂದು ಹೇಳಿರಿ. ಸಂದೇಹವಿದ್ದವರು ಸಂಜೆ ಶಾಲೆಯ ಬಳಿ ಬಂದರೆ ಕುಳಿತು ಮಾತನಾಡೋಣ.