ಅಂಕಿಯ ಕೆಳಗಿನ ಕೆಸರು



ಅಂಕಿ-ಅಂಶಗಳನ್ನು ಪ್ರಶ್ನಿಸುವುದು ನಮ್ಮಂಥವರ ಕೂಟಗಳಲ್ಲಿ ಹೊಸತಲ್ಲ. ಸರ್ಕಾರ ಕೊಡುವ ಅಂಕಿಯನ್ನು ನಾವು ಸುಲಭಕ್ಕೆ ನಂಬುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಅದಕ್ಕಿಂತ ಚಿಕ್ಕದಾದ ಅಂಕಿಯೊಂದರ ಬಗ್ಗೆ: ಸಣ್ಣ ಹಾಯಿದೋಣಿಯ ಆಳಮಾಪಕ ತೋರಿಸುವ ಅಂಕಿ.

ಲಂಡನ್ನಿನ ಈಶಾನ್ಯಕ್ಕಿರುವ ಎಸೆಕ್ಸಿನ ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ನಾವು ನಾಲ್ವರು ಹಳೆಯ ದೋಣಿಯೊಂದನ್ನು ಪಾಲಿನಲ್ಲಿ ಇಟ್ಟುಕೊಂಡಿದ್ದೇವೆ. (ದೋಣಿ ಎಂದೊಡನೆ ಸಿರಿವಂತರ ಷೋಕಿ ಎಂದುಕೊಳ್ಳಬೇಡಿ, ಹಳೆಯ ಕಾರಿಗಿಂತ ಅಗ್ಗದ್ದು.) ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅಲ್ಲಿಯ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಇಳಿತದಲ್ಲಿ ಕೆಸರಿಗೆ ಸಿಕ್ಕಿದ ದೋಣಿ ಮುಂದಿನ ಉಬ್ಬರದವರೆಗೆ ವಾಲಿಕೊಂಡು ಅಲ್ಲೇ ಇರಬೇಕು. ಗಟ್ಟಿ ಮರಳಿನ ದಿಬ್ಬವಾಗಿದ್ದು, ಅಲೆಯೂ ಎದ್ದಿದ್ದರೆ ಒಡೆದೇ ಹೋದೀತು.

ಆಳಮಾಪಕದ ತತ್ತ್ವ ಸರಳ. ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ನಮ್ಮ ಕಿವಿಗೆ ನಿಲುಕದ ಸ್ವರದ ಮಿಡಿತವೊಂದನ್ನು ಕೆಳಗೆ ಕಳುಹಿಸಿ ಪ್ರತಿಧ್ವನಿಗೆ ಕಾಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ನೆಲ ಮೂರು ಮೀಟರ್ ಕೆಳಗಿದ್ದರೆ ಹೋಗಿಬರಲು ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು ಸಾಕು.

ಪರದೆ ಪೂರ್ತಿ ಕತ್ತಲಾದರೆ ಭಯವಿಲ್ಲ. ಆಗ ನಾವೇ ಎಚ್ಚರವಾಗುತ್ತೇವೆ. ಅಪಾಯವಿರುವುದು ನಂಬುವಂತೆ ಕಾಣುವ ಅಂಕಿಯಲ್ಲಿ. ಪ್ರತಿಧ್ವನಿ ಬಾರದಿದ್ದಾಗ ಕೆಲವು ಯಂತ್ರಗಳು ಕೊನೆಗೆ ಕೇಳಿಸಿದ ಆಳವನ್ನೇ ಮಿನುಗಿಸುತ್ತಾ ಕೂರುತ್ತವೆ. ತೀರ ತೆಳುನೀರಿನಲ್ಲಿ ಶಬ್ದವು ನೆಲಕ್ಕೂ ದೋಣಿಯ ತಳಕ್ಕೂ ನಡುವೆ ಎರಡು ಸಲ ಓಡಾಡಿ, ಒಂದೂವರೆ ಮೀಟರ್ ಇದ್ದಲ್ಲಿ ಮೂರು ಎಂದು ತೋರಿಸುವುದೂ ಉಂಟು. ಆ ಅಂಕಿ ನೀರಿನ ಮೇಲ್ಮೈಯಿಂದ ಅಳೆದದ್ದೋ, ಟ್ರಾನ್ಸ್‌ಡ್ಯೂಸರಿನಿಂದಲೋ, ಕೀಲಿನ ಅಡಿಯಿಂದಲೋ ಎಂಬುದು ಇನ್ನೊಂದು ಪ್ರಶ್ನೆ. ಅದನ್ನು ಯಾರೋ ಎಂದೋ ಹೊಂದಿಸಿಟ್ಟಿರುತ್ತಾರೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮಾಪಕ ಒಂದೇ ಅಂಕಿಗೆ ಅಂಟಿಕೊಂಡಿತು. ಹೊಸ ಪರದೆ ಕೊಳ್ಳಿ ಎಂದು ಅಂಗಡಿಯವರು ಹೇಳಿದರು. ಪರದೆ ಬಹುತೇಕ ನಿರಪರಾಧಿ. ಮೊದಲು ಟ್ರಾನ್ಸ್‌ಡ್ಯೂಸರಿನ ಪಕ್ಕ ಕಿವಿಯಿಟ್ಟು ಕೇಳಿದೆವು. ಸಣ್ಣಗೆ ಟಿಕ್ ಟಿಕ್ ಎನ್ನುತ್ತಿತ್ತು. ಅಂದರೆ ವಿದ್ಯುತ್ತು, ತಂತಿ ಎರಡೂ ಜೀವಂತ. ಎಂಜಿನ್ ನಿಲ್ಲಿಸಿ ನೋಡಿದೆವು, ವ್ಯತ್ಯಾಸವಾಗಲಿಲ್ಲ; ಆಲ್ಟರ್ನೇಟರಿನ ಗದ್ದಲವೂ ಕಾರಣವಲ್ಲ. ಉಳಿದದ್ದು ಶಬ್ದ ಸಾಗುವ ದಾರಿ. ಹೊರಗಿನಿಂದ ಕೂರಿಸಿದ್ದಾದರೆ ಪಾಚಿ, ಚಿಪ್ಪುಜೀವಿ, ದಪ್ಪಗೆ ಬಳಿದ ಬಣ್ಣ ಇವುಗಳನ್ನು ಸಂಶಯಿಸಬೇಕು. ನಮ್ಮದು ಒಳಗಿನದು. ತಳವನ್ನು ಕೊರೆಯದೆ, ಫೈಬರ್‌ಗ್ಲಾಸಿನ ಒಳಮೈಗೆ ಕೊಳವೆ ಅಂಟಿಸಿ, ಎಣ್ಣೆ ತುಂಬಿ, ಅದರಲ್ಲಿ ಟ್ರಾನ್ಸ್‌ಡ್ಯೂಸರನ್ನು ಮುಳುಗಿಸಿದ್ದರು. ಎಣ್ಣೆ ಸೋರಿ ನಡುವೆ ಗಾಳಿ ಸೇರಿತ್ತು. ಗಾಳಿಯ ತೆಳುಪದರ ಸಾಕು, ಶಬ್ದ ಅಲ್ಲಿಂದಲೇ ಹಿಂದಿರುಗುತ್ತದೆ. ತುಂಬಬೇಕಾದ ಎಣ್ಣೆ ಯಾವುದು ಗೊತ್ತೇ? ನಮ್ಮ ಅಜ್ಜಿಯಂದಿರು ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಉತ್ಪಾದಿಸುವ ದೇಶವೂ ನಮ್ಮದೇ.

ಇಷ್ಟು ತಿಳಿಯಲು ಬೇಕಾದದ್ದು ಮೊಣಕಾಲೂರಿ ದೋಣಿಯ ಹೊಟ್ಟೆಯೊಳಗೆ ತಲೆ ತೂರಿಸುವ ಸಿದ್ಧತೆ. ಓದಿದವರ ಕೈ ಮಸಿಯಾಗಬಾರದೆಂಬ ನಂಬಿಕೆಯನ್ನು ನಮ್ಮಲ್ಲಿ ಅನೇಕರು ಜಾತಿಯ ಜೊತೆಗೇ ವಿಮಾನ ಹತ್ತಿಸಿಕೊಂಡು ತಂದಿದ್ದೇವೆ. ಜಾತಿಯ ವಿರುದ್ಧ ಬರೆಯುವ ಕೈಯೇ ಸ್ಪ್ಯಾನರ್ ಹಿಡಿಯಲು ಬೇರೆಯವರನ್ನು ಕರೆಯುತ್ತದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಬಿದಿರಿನ ಗಳವೂರಿ ದೋಣಿ ನಡೆಸುವವರಿಗೆ ನೆಲ ಎಷ್ಟು ಕೆಳಗಿದೆಯೆಂಬುದು ಅಂಗೈಗೇ ತಿಳಿಯುತ್ತದೆ. ಆ ತಿಳಿವನ್ನು ನಾವು ವಿದ್ಯೆಯೆಂದು ಕರೆದದ್ದು ಕಡಿಮೆ.

ಎಣ್ಣೆ ತುಂಬಿದ ಮೇಲೆ ಅಂಕಿಯನ್ನು ಒಪ್ಪುವ ಮೊದಲು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟೆವು. ಗಾರೆಯವರ ತೂಗುಗುಂಡಿನ ಅಣ್ಣನೆನ್ನಿ. ಎರಡೂ ತಾಳೆಯಾದವು. ಗುಂಡಿನ ಅಡಿಯಲ್ಲಿ ಸಣ್ಣ ಕುಳಿಯಿರುತ್ತದೆ. ಹಿಂದಿನ ನಾವಿಕರು ಅದರಲ್ಲಿ ಪಶುವಿನ ಕೊಬ್ಬು ಮೆತ್ತುತ್ತಿದ್ದರು. ಮೇಲೆಳೆದಾಗ ಕೆಸರೋ ಮರಳೋ ಅಂಟಿ ಬಂದರೆ ಲಂಗರು ಹಾಕಬಹುದು. ಏನೂ ಅಂಟದೆ ಬಂದರೆ ಕೆಳಗಿರುವುದು ಬಂಡೆ.