ಉಚಿತ ವಿದ್ಯುತ್ತೂ ನಮ್ಮ ಮನೆಯ ಲೆಕ್ಕವೂ



ವಿದ್ಯುತ್ ಬಿಲ್ಲಿನ ಕುರಿತು ವೇದಿಕೆಯಲ್ಲಿ ಮಾತನಾಡಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮಕ್ಕಳ ಶುಲ್ಕ, ಹಿರಿಯರ ಔಷಧಿ, ಮನೆ ಬಾಡಿಗೆ ಎಲ್ಲವೂ ಒಂದೇ ದುಡಿಮೆಯಿಂದ ಸಾಗಬೇಕಾದ ಕುಟುಂಬದಲ್ಲಿ ಅದು ಸಣ್ಣ ವಿಷಯವಲ್ಲ.

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಯೋಜನೆಯಡಿ ರಾಜ್ಯದ ಮನೆಗಳಿಗೆ ಶೂನ್ಯ ಬಿಲ್ಲು ಬರತೊಡಗಿತು. ಪ್ರತಿ ಮನೆಗೂ 200 ಯೂನಿಟ್ ಉಚಿತವೆಂದೇ ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವ ಹಾಗಿಲ್ಲ. 2022-23ರಲ್ಲಿ ಆ ಮನೆ ಬಳಸಿದ ಮಾಸಿಕ ಸರಾಸರಿಗೆ ಶೇ. 10ರಷ್ಟು ಸೇರಿಸಿ ಮಿತಿಯನ್ನು ನಿಗದಿಪಡಿಸಲಾಯಿತು. ಸರಾಸರಿ 100 ಇದ್ದ ಮನೆಗೆ 110 ಯೂನಿಟ್ ಮಾತ್ರ ಉಚಿತ. ಮಿತಿ ಮೀರಿದರೆ ಹೆಚ್ಚುವರಿ ಬಳಕೆಗೆ ಹಣ ತೆರಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನೇ ತೆರಬೇಕು.

ಈ ಲೆಕ್ಕದಲ್ಲಿ ಒಂದು ಅನ್ಯಾಯವೂ ಇದೆ. ಮೊದಲಿನಿಂದಲೂ ಮಿತವಾಗಿ ಬಳಸಿದ ಬಡವನಿಗೆ ಕಡಿಮೆ, ಧಾರಾಳವಾಗಿ ಬಳಸಿದವನಿಗೆ ಹೆಚ್ಚು! 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ನೀಡಲು 2024ರ ಜನವರಿಯಲ್ಲಿ ಸಂಪುಟ ನಿರ್ಧರಿಸಿದ್ದು ಸ್ವಾಗತಾರ್ಹವಾದರೂ ಅಷ್ಟರಿಂದಲೇ ಈ ತಾರತಮ್ಯ ನೀಗದು. ಸರಕಾರವನ್ನು ನಾವು ಪ್ರಶ್ನಿಸೋಣ. ಜೊತೆಗೆ ನಮ್ಮ ಮನೆಯೊಳಗೂ ಇಣುಕಿ ನೋಡೋಣ.

ಸಾವಿರ ವ್ಯಾಟಿನ ಉಪಕರಣ ಒಂದು ತಾಸು ನಡೆದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ತಾಸು ಉರಿದರೆ ತಿಂಗಳಿಗೆ 30 ಯೂನಿಟ್. 75 ವ್ಯಾಟಿನ ಹಳೆಯ ಫ್ಯಾನ್ ದಿನಕ್ಕೆ ಹತ್ತು ತಾಸು ತಿರುಗಿದರೆ ಇಪ್ಪತ್ತೆರಡೂವರೆ ಯೂನಿಟ್. ಸುಮಾರು 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ ಒಂಬತ್ತೇ ಸಾಕು. 60 ವ್ಯಾಟಿನ ಹಳೆಯ ಬಲ್ಬು ಕೊಡುವಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಏ.ಸಿ. ಇರುವವರು ಅದನ್ನು 18ರ ಬದಲು 24 ಡಿಗ್ರಿಯಲ್ಲಿಟ್ಟು ಜೊತೆಗೆ ಫ್ಯಾನ್ ಹಾಕಿಕೊಂಡರೆ ನಿದ್ದೆಗೇನೂ ಭಂಗವಾಗದು.

ಆದ್ದರಿಂದ ಉಳಿತಾಯವೆಂದರೆ ಸೆಕೆಯಲ್ಲಿ ಬೇಯುವುದಲ್ಲ. ಬಿಲ್ಲು ಹೆಚ್ಚಿದಾಗ ನಾವು ಮೊದಲು ಗದರುವುದು ಯಾರನ್ನು? ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಳಸುವ ಮನೆಯೊಡತಿಯನ್ನು. ಮನೆ ಕಟ್ಟುವಾಗ ಜಗಲಿಗೆ ಅಲಂಕಾರದ ದೀಪಗಳ ಸಾಲನ್ನೇ ತೂಗಿಸಿ, ಅಡುಗೆಮನೆಗೆ ಸರಿಯಾದ ಕಿಟಕಿಯನ್ನೂ ಇಡದವರು ಯಾರು? ಹಗಲಲ್ಲೂ ದೀಪ ಉರಿಸಿ, ಒಲೆಯ ಬಿಸಿಯಲ್ಲಿ ಬೆವರುವ ಆಕೆ ದುಂದುಗಾರಳಲ್ಲ. ವೃದ್ಧ ತಾಯಿಯ ತಲೆಯ ಮೇಲಿನ ಫ್ಯಾನ್, ಓದುವ ಮಗಳ ಮೇಜಿನ ದೀಪ ದುಂದುವೆಚ್ಚವಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್, ಯಾರೂ ನೋಡದ ಟಿ.ವಿ., ಮದುವೆಗೆ ವಾರಗಟ್ಟಲೆ ಉರಿಯುವ ದೀಪಮಾಲೆ ದುಂದುವೆಚ್ಚ.

ಶೂನ್ಯ ಬಿಲ್ಲಿನ ವಿದ್ಯುತ್ತೂ ಪುಕ್ಕಟೆಯದ್ದಲ್ಲ. ಅದರ ಬೆಲೆ ತೆರುವುದು ಸಾರ್ವಜನಿಕ ಬೊಕ್ಕಸ. ನಾವು ಪೋಲು ಮಾಡುವುದು ಇನ್ನೊಬ್ಬರ ಹಣವನ್ನು. ಈ ತಿಂಗಳ ಬಿಲ್ಲನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಓದೋಣ. ಮಿತಿ ಎಷ್ಟು, ಬಳಸಿದ್ದೆಷ್ಟು ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸೋಣ. ಉಳಿತಾಯದ ಮೊದಲ ಹೊರೆಯನ್ನು ಮನೆಯ ದುರ್ಬಲರ ಮೇಲಲ್ಲ, ನಮ್ಮ ಆಡಂಬರದ ಮೇಲೆ ಹೊರಿಸೋಣ.