ಡೋಕ್ ಅವರ ಮನೆ



ಪರದೇಶದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ "ಇಲ್ಲಿ ಪಕ್ಕದ ಮನೆಯವರು ತುಂಬಾ ಒಳ್ಳೆಯವರಮ್ಮ" ಅಂದರೆ ಹೆತ್ತವರಿಗೆ ಅರ್ಧ ಧೈರ್ಯ ಬಂದ ಹಾಗೆ. ಆ ಒಳ್ಳೆಯತನಕ್ಕಾಗಿ ಅಲ್ಲಿಯವರು ತಮ್ಮವರ ನಡುವೆ ಏನೇನು ಎದುರಿಸುತ್ತಾರೆ ಅನ್ನುವುದು ಮಾತ್ರ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಅದನ್ನು ಯೋಚಿಸುವಾಗೆಲ್ಲ ನನಗೆ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಜೋಸೆಫ್ ಡೋಕ್ ನೆನಪಾಗುತ್ತಾರೆ.

1908ರ ಫೆಬ್ರವರಿ 10. ಅಲ್ಲಿನ ಭಾರತೀಯರ ಕಡ್ಡಾಯ ನೋಂದಣಿಯ ವಿವಾದದಲ್ಲಿ ಸರ್ಕಾರದೊಡನೆ ಆದ ಒಪ್ಪಂದದಂತೆ ತಮ್ಮ ಹೆಸರು ನೋಂದಾಯಿಸಲು ಗಾಂಧೀಜಿ ಹೊರಟಿದ್ದರು. ಆ ಒಪ್ಪಂದವೇ ದ್ರೋಹವೆಂದು ನಂಬಿದ್ದ ತಮ್ಮ ಸಮುದಾಯದವರೇ ಕೆಲವರು ಅವರನ್ನು ಬೀದಿಯಲ್ಲಿ ಹೊಡೆದು ಕೆಡವಿದರು. ಸುದ್ದಿ ಕೇಳಿ ಓಡಿಬಂದ ಡೋಕ್, ನಮ್ಮ ಮನೆಗೆ ಬರುತ್ತೀರಾ ಎಂದು ಕೇಳಿದರು. ಅವರು ಬ್ಯಾಪ್ಟಿಸ್ಟ್ ಪಾದ್ರಿ. ಇಬ್ಬರ ಪರಿಚಯಕ್ಕೆ ಆಗಿದ್ದದ್ದು ಕೆಲವೇ ವಾರ.

ಮುಂದಿನ ದಿನಗಳಲ್ಲಿ ಆ ಮನೆ ಹೇಗಿತ್ತು ಎಂಬುದನ್ನು ಗಾಂಧೀಜಿಯೇ ಬರೆದಿದ್ದಾರೆ. ಗಾಯಾಳುವನ್ನು ನೋಡಲು ಭಾರತೀಯರು ಸಾಲುಗಟ್ಟಿ ಬಂದರು. ವ್ಯಾಪಾರಿಗಳು, ಮುಖಂಡರು ಸರಿ, ಬುಟ್ಟಿ ಹೊತ್ತು ಬೀದಿ ಬೀದಿ ಮಾರುವವರೂ ಬಂದರು. ಕೊಳೆಯಾದ ಬಟ್ಟೆ, ಧೂಳು ಮೆತ್ತಿದ ಬೂಟು. ಬಿಳಿಯರು ಇವರನ್ನೆಲ್ಲ 'ಕೂಲಿ'ಗಳೆಂದೇ ಕರೆಯುತ್ತಿದ್ದ ಕಾಲ ಅದು. ಡೋಕ್ ದಂಪತಿ ಪ್ರತಿಯೊಬ್ಬರನ್ನೂ ಅದೇ ನಡುಮನೆಗೆ, ಅದೇ ಆದರದಿಂದ ಬರಮಾಡಿಕೊಂಡರು. ರೋಗಿಯ ಆರೈಕೆಯನ್ನು ಯಾರಾದರೂ ಕರುಣೆಯಿಂದ ಮಾಡಿಯಾರು. ಅವನ ಹಿಂದೆ ಬರುವ ಜನರಿಗೆಲ್ಲ ಬಾಗಿಲು ತೆರೆದಿಡುವುದು ಅದಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತದೆ.

ಹೊಲಿಗೆ ಹಾಕಿದ್ದ ಡಾಕ್ಟರು ಮಾತನಾಡಬಾರದು ಎಂದಿದ್ದರು. ಗಾಂಧೀಜಿ ಚೀಟಿ ಬರೆದು, ಡೋಕ್ ಅವರ ಮಗಳು ಆಲಿವ್ ತಮಗೆ ಪ್ರಿಯವಾದ 'ಲೀಡ್ ಕೈಂಡ್ಲಿ ಲೈಟ್' ಹಾಡಲಿ ಎಂದು ಕೇಳಿಕೊಂಡರು. ಆ ಹುಡುಗಿ ಬಾಗಿಲಲ್ಲಿ ನಿಂತು ಮೆಲುದನಿಯಲ್ಲಿ ಹಾಡಿದಳು. ಮುಂದೆ ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದರಲ್ಲ, ನಮ್ಮ ಶಾಲೆಗಳಲ್ಲಿ ಎಷ್ಟೋ ಮಕ್ಕಳು ಹಾಡಿಕೊಂಡು ಬೆಳೆದರಲ್ಲ, ಅದೇ ಪ್ರಾರ್ಥನೆ.

ಪಾದ್ರಿಯ ಮನೆ ನಡೆಯುವುದು ಸಭೆಯ ಭಕ್ತರ ಕಾಣಿಕೆಯಿಂದ, ಅಲ್ಲಿ ಆ ಭಕ್ತರು ಬಿಳಿಯರು. ನಮ್ಮ ಪರ ನಿಂತರೆ ನಿಮ್ಮ ಜನ ಬೇಸರಪಟ್ಟಾರು, ಜೀವನಕ್ಕೆ ತೊಂದರೆಯಾದೀತು ಎಂದು ಗಾಂಧೀಜಿ ಎಚ್ಚರಿಸಿದ್ದರು. ನಂಬಿದ ಧರ್ಮಕ್ಕಾಗಿ ನಗುತ್ತ ಶಿಲುಬೆಯೇರಿದವನ ಹಿಂಬಾಲಕ ನಾನು ಎಂಬ ಅರ್ಥದಲ್ಲಿ ಡೋಕ್ ಉತ್ತರ ಕೊಟ್ಟರು.

ಅವರು ಅಲ್ಲಿಗೇ ನಿಲ್ಲಲಿಲ್ಲ. 1909ರಲ್ಲಿ ಲಂಡನ್ನಿನಿಂದ ಅವರ ಇಂಗ್ಲಿಷ್ ಪುಸ್ತಕವೊಂದು ಹೊರಬಂತು. ಗಾಂಧೀಜಿಯ ಮೊತ್ತಮೊದಲ ಜೀವನಚರಿತ್ರೆ ಅದು. ಹಿಂದೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ಆಂಪ್ಟ್‌ಹಿಲ್ ಅದಕ್ಕೆ ಮುನ್ನುಡಿ ಬರೆದರು. ತಮ್ಮ ಮನೆಯಲ್ಲಿ ಮಲಗಿದ್ದ ಈ ಮನುಷ್ಯ ಯಾರು, ಅವನ ಜನ ಕೇಳುತ್ತಿರುವುದೇನು ಎಂಬುದನ್ನು ಡೋಕ್ ತಮ್ಮ ಜನರಿಗೆ ತಮ್ಮ ಭಾಷೆಯಲ್ಲೇ ಹೇಳಿದರು.